ರೊಟ್ಟಿ ಎಣಿಸಲು ಬಂದ ಟ್ಯಾಬ್

ನನ್ನ ತವರು ಆಳಂದ, ಗಂಡನ ಮನೆ ಅಫಜಲಪುರ, ನೌಕರಿ ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ. ಹೀಗಾಗಿ ಮೂರು ತಾಲೂಕಿನ ಜೋಳ ನನ್ನ ಹೊಟ್ಟೆ ಸೇರಿದೆ. ಸೇರಿದ್ದು ಅಲ್ಲೇ ಠಿಕಾಣಿ ಹೂಡಿದೆ ಅನ್ನುವುದನ್ನು ನನ್ನನ್ನು ಒಮ್ಮೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟಾಗಿ ನಾನು ದೈಹಿಕ ಶಿಕ್ಷಣದ ಟೀಚರು. ಸೀಟಿ ಊದುವವಳು ದಪ್ಪಗಿದ್ದರೆ ಓಡುವ ಮಕ್ಕಳಿಗೆ ತಾವು ಭಾರೀ ಚುರುಕು ಅನ್ನಿಸಿ ಹುರುಪು ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇಷ್ಟು ವರ್ಷ ದಾಟಿಸಿದ್ದೇನೆ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ. ಅದು ತವರಿನಿಂದ ಬಳುವಳಿಯಾಗಿ ಬಂದದ್ದು ಅಂತ ನನ್ನ ಅತ್ತೆ ಹೇಳುತ್ತಾರೆ.

ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು ಒಂದು ಡಬ್ಬಿ ಕೈಗಿಟ್ಟರು. ಒಳಗೆ ಟ್ಯಾಬ್ ಇತ್ತು. ಮಕ್ಕಳು ಏನು ತಿನ್ನಬೇಕು, ಮೈ ಹೇಗೆ ಗಟ್ಟಿ ಮಾಡಿಕೊಳ್ಳಬೇಕು ಎಂದು ಕಲಿಸುವ ತಂತ್ರಾಂಶ ಅದರೊಳಗೆ ಕೂತಿತ್ತು. ಮೂರೂ ತಾಲೂಕಿನ ಕೆಲವು ಶಾಲೆಗಳಿಗೆ ಯಾವುದೋ ಕಂಪನಿಯವರು ಕೊಟ್ಟಿದ್ದರು. “ಊಟ, ಆಟ ಎರಡೂ ನಿಮ್ಮ ಖಾತೇನೇ ಮೇಡಂ, ನೀವೇ ಸಂಭಾಳಿಸ್ರಿ” ಅಂದರು ಹೆಡ್‌ಮಾಸ್ತರರು. ಆ ಮಾತು ಹೇಳುವಾಗ ಅವರ ಕಣ್ಣು ನನ್ನ ಸೊಂಟದ ಕಡೆ ಹೋಗಿ ಬಂದದ್ದನ್ನು ನಾನು ನೋಡಿಯೂ ನೋಡದವಳಂತಿದ್ದೆ.

ಹತ್ತನೆಯ ಕ್ಲಾಸಿನ ಮುಂದೆ ಅದನ್ನು ಚಾಲು ಮಾಡಿದೆ. ಒಬ್ಬ ಹುಡುಗಿಯ ಸಿಹಿ ದನಿ ಬಂತು. “ನಮಸ್ಕಾರ ಪುಟಾಣಿಗಳೇ! ಆರೋಗ್ಯದ ಪಯಣಕ್ಕೆ ನೀವೆಲ್ಲ ಸಿದ್ಧರಿದ್ದೀರಾ?” ಮೀಸೆ ಚಿಗುರಿದ ಹುಡುಗರು ಹಿಂದಿನ ಬೆಂಚಿನಲ್ಲಿ ಮುಖ ಮುಖ ನೋಡಿಕೊಂಡರು. “ಟೀಚರ್, ಪುಟಾಣಿ ಅಂದ್ರ ಚುರಮುರಿಗಿ ಹಾಕ್ತಾರಲ್ರಿ, ಅದಾ?” ಎಂದು ಒಬ್ಬ ಕೇಳಿದ. ಹುರಿಗಡಲೆಗೆ ನಮ್ಮ ಕಡೆ ಪುಟಾಣಿ ಅನ್ನುತ್ತಾರೆ. ಅಂದಿನಿಂದ ಆ ದನಿಗೆ ನಮ್ಮ ಶಾಲೆಯಲ್ಲಿ ಪುಟಾಣಿ ಅಕ್ಕ ಎಂದೇ ಹೆಸರಾಯಿತು.

ಪುಟಾಣಿ ಅಕ್ಕ ಮೊದಲ ಪಾಠದಲ್ಲಿ ಬ್ರೊಕೊಲಿ ತೋರಿಸಿದಳು. “ಹೂಕೋಸು ಕೆಟ್ಟದರಿ ಟೀಚರ್, ಹಸಿರು ಬಂದದ” ಅಂದರು ಮಕ್ಕಳು. ಬೆಳಿಗ್ಗೆ ಎದ್ದು ಓಟ್ಸ್ ತಿನ್ನಿರಿ ಅಂದಳು. ಓಟಿನ ಸುದ್ದಿ ಬೆಳಿಗ್ಗೆ ಬೆಳಿಗ್ಗೆ ಯಾಕೆ ಎಂದು ಅವರಿಗೆ ತಿಳಿಯಲಿಲ್ಲ. ಆಮೇಲೆ ನಿಂತಲ್ಲೇ ಕುಣಿಯಿರಿ ಅಂದಳು. ಕುಣಿದರು. ಎರಡು ಬೆಂಚು ಮುರಿದವು. ಇಡೀ ಪಾಠದಲ್ಲಿ ಜೋಳದ ರೊಟ್ಟಿಯ ಸೊಲ್ಲೇ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಸಲಹೆ ಬರೆಯಿರಿ ಅಂತ ಒಂದು ಜಾಗ ಇತ್ತು. ಅಲ್ಲಿ ಹೋಗಿ, “ನಮ್ಮ ಕಡೆ ರೊಟ್ಟಿ ಉಂಡು ಬದುಕುತ್ತೇವೆ. ರೊಟ್ಟಿ ಇಲ್ಲದ ಊಟದ ಪಾಠ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ” ಎಂದು ಬರೆದು ಕಳಿಸಿಬಿಟ್ಟೆ.

ಯಾರೂ ಓದಲಾರರು ಅಂದುಕೊಂಡಿದ್ದೆ. ಓದಿದರು. ಸ್ವಲ್ಪ ದಿನಕ್ಕೆ ಅಪ್‌ಡೇಟ್ ಬಂದಿದೆ ಎಂದು ಟ್ಯಾಬ್ ಹೇಳಿತು. ಅದನ್ನು ಇಳಿಸಿಕೊಳ್ಳುವುದು ನಮ್ಮ ಹಳ್ಳಿಯಲ್ಲಿ ಆಗುವ ಮಾತಲ್ಲ. ಹುಣ್ಣಿಮೆಗೆ ಗಂಡನ ಮನೆಗೆ ಹೋದಾಗ ಗಾಣಗಾಪುರದಲ್ಲಿ ಇಳಿಸಿಕೊಳ್ಳೋಣ ಅಂದರೆ, ಬಂದ ಭಕ್ತರೆಲ್ಲ ಮೊಬೈಲು ಎತ್ತಿ ಹಿಡಿದು ಮನೆಯವರಿಗೆ ದೇವರನ್ನು ತೋರಿಸುತ್ತಿದ್ದರು. ಅಷ್ಟು ಮಂದಿಯ ನಡುವೆ ನನ್ನ ಅಪ್‌ಡೇಟಿಗೆ ದರ್ಶನ ಸಿಗಲಿಲ್ಲ. ಕೊನೆಗೆ ಜೇವರ್ಗಿಯಲ್ಲಿ ಹೆದ್ದಾರಿ ಪಕ್ಕದ ಚಹಾದ ಹೋಟೆಲಿನಲ್ಲಿ ಕೂತು, ಪರದೆಯ ಮೇಲಿನ ಸುತ್ತು ತುಂಬುವವರೆಗೆ ಚಹಾದ ಮೇಲೆ ಚಹಾ, ಅದರ ಜೊತೆಗೆ ಮಿರ್ಚಿ ಭಜಿ ತಿಂದೆ. ಪೌಷ್ಟಿಕ ಆಹಾರದ ಪಾಠ ಇಳಿಸಿಕೊಳ್ಳಲು ನಾನು ತಿಂದ ಭಜಿಯ ವಿಚಾರ ಪುಟಾಣಿ ಅಕ್ಕನಿಗೆ ಗೊತ್ತಾಗದಿದ್ದರೆ ಸಾಕು.

ಹೊಸದರಲ್ಲಿ ರೊಟ್ಟಿ ಬಂದಿತ್ತು. ಆದರೆ ಚಿತ್ರದಲ್ಲಿದ್ದದ್ದು ಎಣ್ಣೆ ಸವರಿದ ಚಪಾತಿ, ಅದರ ಪಕ್ಕ ಒಂದು ಚಮಚ. “ರೊಟ್ಟಿಗಿ ಚಮಚ ಯಾಕ್ರಿ ಟೀಚರ್, ತೋಡ್ಕೊಂಡು ತಿನ್ನಾಕೇನ್ರಿ?” ಎಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ನಮ್ಮ ಹುಳಿ ಸೊಪ್ಪು ಪುಂಡಿಯೂ ಬಂದಿತ್ತು. ಆದರೆ ಪಲ್ಯೆಯ ಸಾಲಿನಲ್ಲಲ್ಲ, ನಾರಿನ ಬೆಳೆಗಳ ಸಾಲಿನಲ್ಲಿ, ಹಗ್ಗ ಹೊಸೆಯಲು. ಮತ್ತೆ ಬರೆದೆ. ಮತ್ತೆ ಬಂತು. ಮೂರನೆಯ ಸಲ ಬಂದ ರೊಟ್ಟಿ ನೋಡಿ ನನ್ನ ಸಿಟ್ಟು ಇಳಿಯಿತು. ತೆಳ್ಳಗೆ, ಅಗಲವಾಗಿ, ಅಲ್ಲಲ್ಲಿ ಕಪ್ಪು ಚುಕ್ಕಿ ಎದ್ದ ನಮ್ಮದೇ ರೊಟ್ಟಿ. ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ಪುಂಡಿ ಪಲ್ಯೆ, ಹಸಿ ಉಳ್ಳಾಗಡ್ಡಿ. ನಾನೇ ಹೆತ್ತಂತೆ ಅದನ್ನು ಊರೆಲ್ಲ ತೋರಿಸಿಕೊಂಡು ಬಂದೆ.

ಆದರೆ ಆ ರೊಟ್ಟಿಯ ಬೆನ್ನ ಹಿಂದೆ ಒಂದು ಪ್ರಶ್ನೆಯೂ ಬಂದಿತ್ತು. ನಿಮ್ಮ ಮಗು ನಿನ್ನೆ ಎಷ್ಟು ರೊಟ್ಟಿ ತಿಂದಿತು? ಇದಕ್ಕೆ ಉತ್ತರ ಮನೆಯ ಹಿರಿಯರೇ ಬಾಯಿಬಿಟ್ಟು ಹೇಳಬೇಕು, ಟ್ಯಾಬ್ ಅವರ ದನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಕ್ಕಳು ಹೇಳಿದರೆ ನಡೆಯುವುದಿಲ್ಲ, ಟೀಚರು ತಿದ್ದಲು ಬರುವುದಿಲ್ಲ. ಮಕ್ಕಳು ಸುಳ್ಳು ಹೇಳಬಹುದು ಎಂದು ಹಾಗೆ ಮಾಡಿದ್ದರಂತೆ. ಹಿರಿಯರು ಹೇಳುವುದಿಲ್ಲ ಅಂತ ಇವರಿಗೆ ಯಾರು ಹೇಳಿದರೋ!

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಉಂಡದ್ದನ್ನು ಎಣಿಸುವುದಿಲ್ಲ. ಹೊಸ ಸೊಸೆಯಾಗಿ ಅಫಜಲಪುರಕ್ಕೆ ಹೋದಾಗ ಬಡಿಸುತ್ತ ಬಡಿಸುತ್ತ ಮೈದುನನಿಗೆ, “ಇದು ಮೂರನೇದು, ಇನ್ನೂ ಬೇಕೇನು?” ಅಂದುಬಿಟ್ಟಿದ್ದೆ. ಅತ್ತೆ ಒಲೆಯ ಮುಂದಿನಿಂದಲೇ ನನ್ನನ್ನು ನೋಡಿದ ನೋಟಕ್ಕೆ ನಾನು ಆಳಂದದ ಬಸ್ಸು ಎಷ್ಟು ಹೊತ್ತಿಗೆ ಎಂದು ಯೋಚಿಸತೊಡಗಿದ್ದೆ. “ಉಂಡಿದ್ದು ಎಣಿಸಿದ್ರ ಮೈಗಿ ಹತ್ತಂಗಿಲ್ಲವ್ವ” ಅಂದರು ಆಮೇಲೆ. ಬಡಿಸುವವರು ಎಷ್ಟನೆಯದು ಅನ್ನಬಾರದು. ಇನ್ನೊಂದರ್ಧ ಹಾಕ್ತೀನಿ ಅನ್ನಬೇಕು, ಅಂದು ಇಡೀ ರೊಟ್ಟಿ ಹಾಕಬೇಕು. ಉಣ್ಣುವವನು ಅರ್ಧ ಸಾಕು ಅನ್ನಬೇಕು, ಅಂದು ಇಡೀ ರೊಟ್ಟಿ ತಿನ್ನಬೇಕು. ಎಷ್ಟು ಉಂಡೆ ಎಂದು ಯಾರಾದರೂ ಕೇಳಿದರೆ ಅದಕ್ಕೂ ಅದೇ ಉತ್ತರ, ಅರ್ಧ. ಬಸವಣ್ಣನವರನ್ನು ನಂಬುವ ಮನೆಯಲ್ಲೂ ಅರ್ಧ, ಮುಸಲ್ಮಾನರ ಮನೆಯಲ್ಲಿ ಆಧಿ. ಈ ಒಂದು ವಿಷಯದಲ್ಲಿ ನಮ್ಮ ಊರಿನ ಒಗ್ಗಟ್ಟು ನೋಡಬೇಕು.

ಹೀಗಾಗಿ ಟ್ಯಾಬ್ ಮನೆಮನೆ ಸುತ್ತಿ ಬಂದ ಮೇಲೆ ಇಡೀ ಶಾಲೆ ಕೆಂಪಾಯಿತು. ಸರಿಯಾಗಿ ಉಣ್ಣುವವರ ಮುಂದೆ ಹಸಿರು ಗುರುತು, ಇಲ್ಲದವರ ಮುಂದೆ ಕೆಂಪು. ತಾಲೀಮಿಗೆ ಹೋಗಿ ಕುಸ್ತಿ ಆಡುವ ಹುಡುಗನ ಮುಂದೆ ಕೆಂಪು, ಕೆಳಗೆ ‘ತೀವ್ರ ಕೊರತೆ’. ಬಾಗಿಲಿನಲ್ಲಿ ಅಡ್ಡಡ್ಡ ನುಸುಳಿ ಒಳಗೆ ಬರುವ ಅವಳಿ ಅಕ್ಕತಂಗಿಯರ ಮುಂದೂ ಕೆಂಪು. ಹಸಿರು ಆದವರು ನಮ್ಮ ಹೆಡ್‌ಮಾಸ್ತರರು ಒಬ್ಬರೇ. ಸುಮ್ಮನೆ ತಮ್ಮ ಹೆಸರನ್ನೂ ಹಾಕಿ ನೋಡಿದ್ದರು. ಅವರಿಗೆ ಸಕ್ಕರೆ ಕಾಯಿಲೆ, ಡಾಕ್ಟರ ಮಾತಿಗೆ ಹೆದರಿ ಅವರ ಮನೆಯವರು ಎಣಿಸಿಯೇ ಹಾಕುತ್ತಾರೆ. ಇಡೀ ಶಾಲೆಯಲ್ಲಿ ರೋಗಿ ಒಬ್ಬರೇ ಆರೋಗ್ಯವಂತರಾದರು. ಅವರು ಎರಡು ದಿನ ಎದೆ ಉಬ್ಬಿಸಿಕೊಂಡು ಓಡಾಡಿದರು.

ನಗೆಯೆಲ್ಲ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆ ವರ್ಷ ಹೊಸದೊಂದು ನಿಯಮ ಬಂತು. ಶಹರದ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವ ಆಟಗಳಿಗೆ ಈ ತಂತ್ರಾಂಶದಲ್ಲಿ ಹಸಿರು ಗುರುತು ಇದ್ದವರನ್ನು ಮಾತ್ರ ಕಳಿಸಬೇಕು. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಖೋ-ಖೋ ತಂಡದ ಒಬ್ಬ ಹುಡುಗಿ.

ಸಣಕಲು ಹುಡುಗಿ, ಆದರೆ ಎರೆ ಮಣ್ಣಿನ ನಮ್ಮ ಮೈದಾನದಲ್ಲಿ ಅವಳು ಕಂಬ ಹಿಡಿದು ತಿರುಗಿದರೆ ಎದುರಿನವರಿಗೆ ದಿಕ್ಕು ತಪ್ಪುತ್ತಿತ್ತು. ಮೊಣಕಾಲು ಸದಾ ಕರ್ರಗೆ. ಅಪ್ಪ ಅವ್ವ ಸೋಲಾಪುರದಲ್ಲಿ ದುಡಿಯುತ್ತಿದ್ದರು, ಇವಳನ್ನು ಸಾಕಿದವರು ಅಪ್ಪನ ತಾಯಿ, ಅವಳ ಆಯಿ. ಅದು ಅವಳ ಹತ್ತನೆಯ ಕ್ಲಾಸು. ಹಾಸ್ಟೆಲ್ಲಿನ ಸೀಟು ಸಿಕ್ಕರೆ ಓದು, ಆಟ ಎರಡೂ ಮುಂದುವರಿಯುತ್ತಿದ್ದವು. ಸಿಗದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹುಡುಗಿ ನೋಡಲು ಗಂಡಿನ ಕಡೆಯವರು ಆಗಲೇ ಒಮ್ಮೆ ಬಂದು, ಚಹಾ ಕುಡಿದು, ಪರೀಕ್ಷೆ ಆಗಲಿ ಎಂದು ಹೇಳಿ ಹೋಗಿದ್ದರು. ಈ ಮಾತನ್ನು ಅವಳೇ ನನ್ನ ಹತ್ತಿರ ಹೇಳಿ, ಹೇಳಿದ ಕೂಡಲೆ ಮೈದಾನಕ್ಕೆ ಓಡಿಹೋಗಿದ್ದಳು. ಅವಳ ಮುಂದಿನ ಗುರುತು ಕೆಂಪು. ಆಯಿಯ ಉತ್ತರ ಅರ್ಧ.

ನಾನೇ ಅವರ ಮನೆಗೆ ಹೋದೆ. ಆಯಿ ಅಂಗಳದಲ್ಲಿ ಕೂತು ಗಿರಣಿಗೆ ಕಳಿಸಲು ಜೋಳ ಅಳೆಯುತ್ತಿದ್ದರು. ಸೇರಿನಲ್ಲಿ ತುಂಬಿ ಚೀಲಕ್ಕೆ ಸುರಿಯುತ್ತ, “ಲಾಭ, ಎರಡು, ಮೂರು” ಎಂದು ಎಣಿಸುತ್ತಿದ್ದರು. ಅಳೆಯುವಾಗ ಮೊದಲನೆಯದನ್ನು ಒಂದು ಅನ್ನದೆ ಲಾಭ ಅನ್ನುವುದು ನಮ್ಮ ಹಳಬರ ಪದ್ಧತಿ. ಸಿಕ್ಕಿಬಿದ್ದರು ಅಂದುಕೊಂಡೆ.

“ನೋಡ್ರಿ ಆಯಿ, ನೀವೂ ಎಣಿಸ್ತೀರಿ.”

“ಇದು ಕಾಳ್ರಿ ಟೀಚರ್. ಕಾಳು ಎಣಿಸ್ತಾರ, ಊಟ ಎಣಿಸಂಗಿಲ್ಲ. ಇಷ್ಟು ಸಾಲಿ ಕಲ್ತೀರಿ, ಅದು ಕಲಿಸಿಲ್ಲೇನ್ರಿ ನಿಮಗ?”

ನಾನು ನಿಯಮ ಹೇಳಿದೆ, ಹಾಸ್ಟೆಲ್ ವಿಚಾರ ಹೇಳಿದೆ, ಹುಡುಗಿಯ ಆಟ ಹೊಗಳಿದೆ. ಒಂದು ಸಂಖ್ಯೆ ಹೇಳಿದರೆ ಸಾಕು, ಅವಳ ದಾರಿ ತೆರೆಯುತ್ತದೆ ಅಂದೆ. ಆಯಿ ಜೋಳದಲ್ಲಿ ಕೈಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಹೋಗ್ಲಿ ಟೀಚರ್. ಆಕಿ ಹೋಗ್ಲಿ ಅಂತ ನನಗೂ ಭಾಳ ಅದ. ನಾ ಏನು ಆಕೀನ ಕಟ್ಟಿ ಹಾಕ್ಲಾಕತ್ತೇನೇನು? ಆದ್ರ ಆಕಿ ತುತ್ತು ನಾ ಎಣಿಸಂಗಿಲ್ಲ. ನಾ ಎಣಿಸಿ ಹೇಳಿದ ಮ್ಯಾಲ ಆಕಿ ಅಲ್ಲಿ ಹೋಗಿ ಜಡ್ಡು ಬಿದ್ರ, ಈ ಬಾಯಿ ನಾ ಎಲ್ಲಿ ಇಡ್ಲಿ?”

“ಆ ಡಬ್ಬಿ ನಿಮ್ಮ ಹುಡುಗಿ ಉಪವಾಸ ಅದಾಳ ಅಂತ ಬರ್ಕೊಂಡದ ಆಯಿ.”

“ಬರ್ಕೊಳ್ಲಿ. ಡಬ್ಬಿ ಏನು ಉಣ್ತದ, ಅದಕ್ಕೇನು ತಿಳಿತದ?”

ಗೋಡೆಗೆ ಹಣೆ ಚಚ್ಚಿಕೊಂಡರೆ ಗೋಡೆಗೇನು? ಹುಡುಗಿ ಬಾಗಿಲಿಗೆ ಒರಗಿ ನಿಂತು ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದಳು. ಆಯಿಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ವಾಪಸು ಬಂದವಳೇ ಕಂಪನಿಗೆ ಫೋನು ಹಚ್ಚಿ, ಯಾರು ಎತ್ತಿದರೋ ಅವರ ಮೇಲೆ ನನ್ನ ತವರಿನ ಬಳುವಳಿಯನ್ನೆಲ್ಲ ಸುರಿದೆ. ಅತ್ತಲಿನ ದನಿ ತಣ್ಣಗೆ, “ಮೇಡಂ, ಆಳಂದ, ಅಫಜಲಪುರದ ಶಾಲೆಗಳಲ್ಲೂ ಎಲ್ಲರೂ ಅರ್ಧ ಅಂತಲೇ ಹೇಳ್ತಿದ್ದಾರೆ. ನಮಗೂ ಏನೂ ಅರ್ಥ ಆಗ್ತಿಲ್ಲ. ನಾನೇ ಬಂದು ನೋಡ್ತೀನಿ” ಅಂದಿತು. ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು.

ಕಂಪನಿಯ ಹುಡುಗಿ ಮುಂದಿನ ವಾರವೇ ಬಂದಳು. ತೆಳ್ಳಗಿನ ಮೈ, ಕೈಯಲ್ಲಿ ಅವಳ ತೋಳಿಗಿಂತ ದಪ್ಪನೆಯ ನೀರಿನ ಬಾಟಲಿ. ಕ್ಲಾಸಿಗೆ ಕರೆದುಕೊಂಡು ಹೋದೆ. “ನಮಸ್ಕಾರ ಮಕ್ಕಳೇ, ಹೇಗಿದ್ದೀರಾ?” ಅಂದಳು. ಇಡೀ ಕ್ಲಾಸು ಎದ್ದು ನಿಂತು, “ಪುಟಾಣಿ ಅಕ್ಕ!” ಎಂದು ಕೂಗಿತು. ತಂತ್ರಾಂಶದ ದನಿ ಅವಳದೇ. ಬೇರೆ ಯಾರನ್ನಾದರೂ ಕರೆಸಲು ತಡವಾಗುತ್ತದೆ ಎಂದು ಕಂಪನಿಯವರು ಇವಳ ಬಾಯಿಂದಲೇ ಎಲ್ಲ ಹೇಳಿಸಿದ್ದರಂತೆ. ಪಾಪ, ಮಕ್ಕಳು ಅವಳನ್ನು ಮುಟ್ಟಿ ಮುಟ್ಟಿ ನೋಡಿದರು. ಅವಳು ಕೆಂಪಗಾದಳು, ಆದರೆ ಅದು ಬೇರೆ ಕೆಂಪು.

ಬೇಕೆಂದೇ ಮಧ್ಯಾಹ್ನ ಊಟದ ಹೊತ್ತಿಗೆ ಅವಳನ್ನು ಆಯಿಯ ಮನೆಗೆ ಕರೆದುಕೊಂಡು ಹೋದೆ. ಹುಡುಗಿಯೂ ಜೊತೆಗಿದ್ದಳು. ಕಂಪನಿಯ ಹುಡುಗಿ ಹೊಸ್ತಿಲಲ್ಲೇ, “ಅಜ್ಜಿ, ನಿಮ್ಮ ಹತ್ರ ಒಂದು ಪ್ರಶ್ನೆ ಕೇಳ್ಬಹುದಾ?” ಅಂದಳು.

“ಕೇಳೋದು ಆಮ್ಯಾಲವ್ವ. ಬಿಸಿಲಾಗ ಬಂದಿ. ಮೊದಲ ಕೈ ತೊಳಿ, ಕೂಡು.”

ಆಯಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ಬಡಿದ ರೊಟ್ಟಿ ಹಂಚಿಗೆ ಬೀಳುವುದು, ಉಬ್ಬುವುದು, ಹುಡುಗಿ ಅದನ್ನು ಎತ್ತಿ ತಂದು ತಾಟಿಗೆ ಹಾಕುವುದು. ಪುಂಡಿ ಪಲ್ಯೆ, ಶೇಂಗಾ ಹಿಂಡಿ, ಮೇಲೆ ಕರಿದ ಹಸಿಮೆಣಸಿನಕಾಯಿ. ಕಂಪನಿಯ ಹುಡುಗಿಗೆ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಮಜ್ಜಿಗೆ ಕುಡಿದು ಮತ್ತೆ ಕೈ ಹಾಕಿದಳು. “ಸಾಕು ಅಜ್ಜಿ” ಅಂದಳು. “ಇನ್ನೊಂದರ್ಧ” ಅಂದರು ಆಯಿ, ಇಡೀ ರೊಟ್ಟಿ ಬಂತು. “ಖಂಡಿತಾ ಬೇಡ ಅಜ್ಜಿ.” “ಒಂದ್ ಚೂರವ್ವ”, ಮತ್ತೊಂದು ಬಂತು. ನಾನೂ ಹಿಂದೆ ಬೀಳಲಿಲ್ಲ ಅನ್ನಿ. ಮೊದಮೊದಲು ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದ ಕಂಪನಿಯ ಹುಡುಗಿ ಕೊನೆಗೆ ಗೋಡೆಗೆ ಒರಗಿ, ಕಾಲು ಚಾಚಿ, ಆಯಿಯ ಹತ್ತಿರ ಪುಂಡಿ ಸೊಪ್ಪು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಳು. ಎಷ್ಟು ರೊಟ್ಟಿ ತಿಂದಳು ಎಂದು ನಾನು ಹೇಳುವುದಿಲ್ಲ. ನಾನೂ ಈ ಕಡೆಯವಳೇ.

ಕೈ ತೊಳೆದು ಬಂದವಳ ಮುಂದೆ ಟ್ಯಾಬ್ ಹಿಡಿದೆ. “ಈಗ ನೀವೇ ಹೇಳ್ರಿ ಮೇಡಂ. ಇವತ್ತು ಎಷ್ಟು ರೊಟ್ಟಿ ತಿಂದ್ರಿ?”

ಅವಳು ಬಾಯಿ ತೆರೆದಳು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದ ಆಯಿಯನ್ನು ನೋಡಿದಳು. ಖಾಲಿಯಾದ ರೊಟ್ಟಿ ಬುಟ್ಟಿಯನ್ನು ನೋಡಿದಳು. ಅವಳ ಮುಖಕ್ಕೆ ನಾಚಿಕೆ ಏರಿದ್ದು ನನಗೆ ಕಾಣಿಸಿತು. ಸಣ್ಣ ದನಿಯಲ್ಲಿ, “ಅರ್ಧ” ಅಂದಳು.

ಟ್ಯಾಬ್ ತನ್ನ ಒಡತಿಯ ದನಿಯನ್ನೇ ಕೇಳಿ, ಅವಳ ಮುಂದೆ ಕೆಂಪು ಹಾಕಿತು, ತೀವ್ರ ಕೊರತೆ. ಹುಡುಗಿ ಮೊದಲು ನಕ್ಕಳು, ಆಮೇಲೆ ನಾನು, ಆಮೇಲೆ ಪುಟಾಣಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊಟ್ಟೆಯನ್ನು ಹಿಡಿಯಲು ಅವತ್ತು ಎರಡು ಕೈ ಬೇಕಿತ್ತು. ಆಯಿಗೆ ಮಾತ್ರ ಇದರಲ್ಲಿ ನಗುವಂಥದ್ದು ಏನಿದೆ ಎಂದು ತಿಳಿಯಲಿಲ್ಲ. “ಹೌದಲ್ಲ ಮತ್ತ, ಕೂಸು ಅರ್ಧಾನೇ ಉಂಡದ. ನಾಚ್ಕೊಂಡು ಉಂಡದ” ಅಂದರು.

ಪ್ರಶ್ನೆಯನ್ನೇ ಬದಲಿಸುತ್ತೇನೆ ಎಂದು ಪುಟಾಣಿ ಅಕ್ಕ ಹೊರಡುವಾಗ ಹೇಳಿದ್ದಳು, ಮಾತಿಗೆ ತಪ್ಪಲಿಲ್ಲ. ಆಟಗಳು ಶುರುವಾಗುವ ಮೊದಲೇ ಹೊಸ ಅಪ್‌ಡೇಟ್ ಬಂತು. ನಾನು ಮತ್ತೆ ಹೆದ್ದಾರಿಯ ಹೋಟೆಲು, ಮತ್ತೆ ಭಜಿ. ಈ ಸಲ ಪ್ರಶ್ನೆಯಲ್ಲಿ ಸಂಖ್ಯೆ ಇರಲಿಲ್ಲ. ನಿಮ್ಮ ಮಗುವಿಗೆ ನಿನ್ನೆ ಹೊಟ್ಟೆ ತುಂಬಿತೇ? ತುಂಬಿತು, ಇನ್ನೂ ಬೇಕಿತ್ತು, ಉಪವಾಸ ಇತ್ತು ಎಂದು ಮೂರೇ ಉತ್ತರ. ಟ್ಯಾಬ್ ಹಿಡಿದು ಆಯಿಯ ಮುಂದೆ ಕೂತೆ. ಪುಟಾಣಿ ಅಕ್ಕನ ದನಿ ಕೇಳಿದ ಕೂಡಲೆ ಆಯಿಯ ಮುಖ ಅರಳಿತು. “ತುಂಬ್ಯಾದವ್ವ, ತುಂಬ್ಯಾದ. ನಿಂದು ಉಂಡಿದ್ದು ಆಯ್ತೇನು?” ಎಂದು ಟ್ಯಾಬಿಗೇ ಕೇಳಿದರು. ಹಸಿರು ಬಿತ್ತು. ಹುಡುಗಿ ನನ್ನನ್ನು ಅಪ್ಪಿಕೊಂಡಳು. ಅಪ್ಪಿಕೊಳ್ಳಲು ನಾನು ಸ್ವಲ್ಪ ದೊಡ್ಡ ಕೆಲಸವೇ, ಆದರೂ ಅಪ್ಪಿಕೊಂಡಳು.

ಆರಿಸುವ ಆಟದಲ್ಲಿ ಅವಳು ಆಡಿದ್ದನ್ನು ನೋಡಿ ನನಗೆ ಸೀಟಿ ಊದುವುದು ಮರೆತುಹೋಯಿತು. ಸೀಟು ಸಿಕ್ಕಿತು. ಗಂಡಿನ ಕಡೆಯವರು ಇನ್ನೊಮ್ಮೆ ಬಂದಾಗ ಆಯಿ ಅವರಿಗೆ ಚಹಾ ಕೊಟ್ಟು, ನಮ್ಮಾಕಿ ಶಹರಕ್ಕ ಆಡಾಕ ಹೊಂಟಾಳ ಅಂದರಂತೆ. ಪರೀಕ್ಷೆ ಮುಗಿದು ರಜೆ ಕಳೆದ ಮೇಲೆ ಹುಡುಗಿ ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದಳು. ಬಸ್ಸು ಕಣ್ಮರೆಯಾಗುವವರೆಗೆ ಆಯಿ ಅಳಲಿಲ್ಲ. ಆಮೇಲೆ ನನ್ನ ಹೆಗಲ ಮೇಲೆ ಅತ್ತರು, ನಾನೂ ಅತ್ತೆ. ಗೆದ್ದವರು ಹೀಗೇಕೆ ಅಳುತ್ತಾರೆ ಎಂದು ಸ್ಟ್ಯಾಂಡಿನವರು ನೋಡುತ್ತಿದ್ದರು.

ಅಂದಿನಿಂದ ಭಾನುವಾರ ನಾನು ಆಯಿಯ ಮನೆಗೆ ಹೋಗುವುದು ರೂಢಿಯಾಯಿತು. ಅವರ ಹತ್ತಿರ ಫೋನಿರಲಿಲ್ಲ, ನನ್ನ ಫೋನಿನಲ್ಲಿ ಹುಡುಗಿಯ ಮುಖ ನೋಡುತ್ತಿದ್ದರು. ಶುರುವಿಗೆ ಬರೀ ಆಟದ ಮಾತು. ಮೈದಾನದಲ್ಲಿ ಕಲ್ಲೇ ಇಲ್ಲ, ಮೊಣಕಾಲಿಗೆ ಪಟ್ಟಿ ಕೊಡುತ್ತಾರೆ, ಹೊಸ ಬೂಟು ಕೊಟ್ಟಿದ್ದಾರೆ. ಒಂದು ಭಾನುವಾರ ಅವಳು ಬಹಳ ಖುಷಿಯಲ್ಲಿದ್ದಳು.

“ಆಯಿ, ಇಲ್ಲೂ ನಮ್ಮ ಟ್ಯಾಬೇ ಅದ! ಪುಟಾಣಿ ಅಕ್ಕಾನೇ ಮಾತಾಡ್ತಾಳ. ಆದ್ರ ಇಲ್ಲಿದು ಹಳೇದು, ಇನ್ನೂ ಅಪ್‌ಡೇಟ್ ಆಗಿಲ್ಲ. ಅಡಿಗಿ ಮನಿಯವ್ರೇ ದಿನಾ ಅದಕ್ಕ ಹೇಳ್ತಾರ. ನಾ ದಿನಾ ಹಸಿರು ಆಯಿ!”

“ಹಸಿರು ಅಂದ್ರ ಚಲೋ ಅಲ್ಲೇನ್ರಿ ಟೀಚರ್?” ಎಂದು ಆಯಿ ನನ್ನ ಕಡೆ ತಿರುಗಿ ಕೇಳಿದರು. ಹೌದು ಅಂದೆ. ಅವರ ಮುಖ ಹಗುರಾಯಿತು. ಮತ್ತೆ ಫೋನಿಗೆ ಬಗ್ಗಿ, “ಏನ್ ಹೇಳ್ತಾರವ್ವ?” ಅಂದರು.

“ಎಷ್ಟ್ ರೊಟ್ಟಿ ಅಂತ ಆಯಿ. ಎಲ್ಲರಿಗೂ ಎರಡೆರಡು, ಎಣಿಸಿ ಹಾಕ್ತಾರ. ಅದಕ್ಕ ಬರೋಬ್ಬರಿ ಹಸಿರು ಬರ್ತದ.”

ಆಯಿ ಫೋನನ್ನು ಇನ್ನೂ ಹತ್ತಿರ ಹಿಡಿದರು. ಆಮೇಲೆ ಕೇಳಿದರು, “ಇನ್ನೊಂದರ್ಧ ಅನ್ನಂಗಿಲ್ಲೇನು ಯಾರೂ?”

“ಇಲ್ಲಾಯಿ. ಸಾಲಿನ್ಯಾಗ ಹಿಂದಿನವ್ರು ನಿಂತಿರ್ತಾರಲ್ಲ.”

“ಹೊಟ್ಟಿ ತುಂಬತದೇನವ್ವ?”

ಪರದೆಯ ಮೇಲೆ ಅವಳ ಕಣ್ಣು ಪಕ್ಕಕ್ಕೆ ಹೋಗಿ ಬಂತು. “ಹಸಿರದ ಅಲ್ಲ ಆಯಿ” ಅಂದಳು. ಆಮೇಲೆ ಯಾರೋ ಕರೆದರು ಎಂದು ಫೋನು ಇಟ್ಟಳು.

ಆಯಿ ಫೋನಿನ ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದರು. ಜೋಳ ಅಳೆಯುವಾಗಿನ ದನಿಯಲ್ಲಿ ಮೆಲ್ಲಗೆ, “ಲಾಭ, ಎರಡು” ಅಂದರು. ಮುಂದಿನದಕ್ಕೆ ಬಾಯಿ ತೆರೆದು ಹಾಗೇ ನಿಂತರು. ಮುಂದೆ ಎಣಿಸಲು ಏನೂ ಇರಲಿಲ್ಲ.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಹಾಸ್ಟೆಲ್ಲಿನವರ ಮೇಲೆ, ಹಳೆಯ ಟ್ಯಾಬಿನ ಮೇಲೆ, ಹಸಿರು ಬಣ್ಣದ ಮೇಲೆ. ಇಲ್ಲಿ ಹೊಟ್ಟೆ ತುಂಬ ಉಂಡ ಹುಡುಗಿ ಕೆಂಪಾಗಿದ್ದಳು, ಅಲ್ಲಿ ಅರೆಹೊಟ್ಟೆಯಲ್ಲಿ ಎದ್ದವಳು ಹಸಿರಾಗಿದ್ದಳು. ಅಲ್ಲೇ ಕೂತು ಕಂಪನಿಯ ಹುಡುಗಿಗೆ ಫೋನು ಮಾಡಿ ಹೇಳಿದೆ. ನಾಳೆಯೇ ಆ ಹಾಸ್ಟೆಲ್ಲಿಗೆ ಹೊಸದನ್ನು ಹಾಕಿಸುತ್ತೇನೆ ಮೇಡಂ ಅಂದಳು. ಪ್ರಶ್ನೆಯನ್ನು ಅವಳು ಬದಲಿಸಬಲ್ಲಳು. ರೊಟ್ಟಿ ಹಾಕುವ ಕೈ ಅವಳದಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಫೋನಿಟ್ಟು ನೋಡುವಷ್ಟರಲ್ಲಿ ಆಯಿ ಒಲೆ ಹೊತ್ತಿಸಿದ್ದರು. “ನಾಳಿ ನೀವು ಶಹರಕ್ಕ ಮೀಟಿಂಗಿಗಿ ಹೊಂಟೀರಲ್ರಿ ಟೀಚರ್?” ಅಂದರು. ಹೌದು ಅಂದೆ. ಇಡೀ ಮಧ್ಯಾಹ್ನ ಬಡಿದರು. ಕಟಕ ರೊಟ್ಟಿ, ಅಂದರೆ ಒಣಗಿಸಿ ಗರಿಗರಿ ಮಾಡಿದ್ದು, ತಿಂಗಳು ಇಟ್ಟರೂ ಕೆಡುವುದಿಲ್ಲ. ನಾನು ಹಿಂಡಿ ಕುಟ್ಟಿಕೊಟ್ಟೆ. ನಾನು ಕುಟ್ಟುವುದನ್ನು ನೋಡಿ, “ಮೈಯಾಗ ಶಕ್ತಿ ಅದರಿ ನಿಮಗ, ವ್ಯಾಯಾಮದ ಟೀಚರ್ ಅನ್ನೋದು ಖರೆ” ಎಂದು ಅಂಥ ಹೊತ್ತಿನಲ್ಲೂ ಒಂದು ಮಾತು ಚುಚ್ಚಿದರು.

ಬಿಸಿಲು ಇಳಿಯುವ ಹೊತ್ತಿಗೆ ಆಯಿ ಹಳೆಯ ಸೀರೆಯ ಒಂದು ತುಂಡು ಹಾಸಿದರು. ನಾನು ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಗಂಟು ಕಟ್ಟತೊಡಗಿದೆ. ಟ್ಯಾಬ್ ಹಿಡಿದು ಊರು ತಿರುಗಿ ತಿರುಗಿ ಬಂದ ಚಟವೋ ಏನೋ, ನನ್ನ ಬೆರಳು ತಾನಾಗಿಯೇ ರೊಟ್ಟಿಯ ಅಂಚುಗಳ ಮೇಲೆ ಒಂದೊಂದಾಗಿ ಓಡತೊಡಗಿತು, ತುಟಿಯೂ ಅಲುಗಿತು. ಕೈ ಮೇಲೆ ಪಟ್ಟನೆ ಒಂದು ಏಟು ಬಿತ್ತು.

“ಎಣಿಸಬ್ಯಾಡ್ರಿ ಟೀಚರ್” ಅಂದರು ಆಯಿ. “ಅಲ್ಲಿ ಎಣಿಸೋರು ಭಾಳ ಮಂದಿ ಅದಾರ.”